ಗೇರ್‌ಬಾಕ್ಸ್ ಬದಲಿಸಿ ಎಂದವರನ್ನು ಮೊದಲು ಕೇಳಬೇಕಾದದ್ದು

ಓದುಗರ ಪ್ರಶ್ನೆ: ನಾನು ಹಾಸನದಲ್ಲಿ ಪ್ರೌಢಶಾಲಾ ಶಿಕ್ಷಕಿ. ಎರಡು ವರ್ಷಗಳ ಹಿಂದೆ ಬೆಂಗಳೂರಿನವರೊಬ್ಬರಿಂದ 2017ರ ಪೆಟ್ರೋಲ್ ಆಟೊಮ್ಯಾಟಿಕ್ ಕಾರು ಕೊಂಡೆ. ಆರು ಗೇರಿನ, ಟಾರ್ಕ್ ಕನ್ವರ್ಟರ್ ಇರುವ ಗಾಡಿ. ಒಟ್ಟು 74,000 ಕಿ.ಮೀ. ಓಡಿದೆ. ಕೆಲವು ತಿಂಗಳಿಂದ ಬೆಳಿಗ್ಗೆ ಮೊದಲ ಸಲ ‘ಡಿ’ಗೆ ಹಾಕಿದರೆ ಎರಡು ಮೂರು ಸೆಕೆಂಡು ಏನೂ ಆಗುವುದಿಲ್ಲ, ಆಮೇಲೆ ಧಡ್ ಎಂದು ಜಗ್ಗಿ ಹೊರಡುತ್ತದೆ. ಗಂಟೆಗೆ 50–60 ಕಿ.ಮೀ. ವೇಗದಲ್ಲಿ ಸಮವಾಗಿ ಹೋಗುವಾಗ ರಂಬಲ್ ಪಟ್ಟಿಯ ಮೇಲೆ ಹಾಯ್ದಂತೆ ಗಾಡಿ ನಡುಗುತ್ತದೆ. ಹೋದ ತಿಂಗಳು ತಂದೆಯವರನ್ನು ಮಂಗಳೂರಿನ ಆಸ್ಪತ್ರೆಗೆ ತೋರಿಸಿಕೊಂಡು ಮರಳುವಾಗ, ಶಿರಾಡಿ ಘಾಟಿ ಏರುತ್ತಿದ್ದಂತೆ ಎಚ್ಚರಿಕೆಯ ದೀಪ ಹತ್ತಿ ಗಾಡಿ ಒಂದೇ ಗೇರಿನಲ್ಲಿ ಸಿಕ್ಕಿಕೊಂಡಿತು. ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಇಪ್ಪತ್ತು ನಿಮಿಷ ಬಿಟ್ಟು ಚಾಲು ಮಾಡಿದಾಗ ಸರಿಹೋಯಿತು. ಒಂದು ವರ್ಕ್‌ಶಾಪಿನವರು ಓಡಿಸಿ ನೋಡಿ, ‘ಗೇರ್‌ಬಾಕ್ಸ್ ಬದಲಿಸಬೇಕು, 2.8 ಲಕ್ಷ ಆಗುತ್ತದೆ’ ಎಂದರು. ಇನ್ನೊಬ್ಬರು ಮೆಷಿನ್ನಿನಿಂದ ಹಳೆಯ ಆಯಿಲ್ ತೊಳೆದು ತೆಗೆದರೆ ಸಾಕು ಎಂದರು. ನಮ್ಮ ಭಾವನವರ ಪ್ರಕಾರ ಆ ಆಯಿಲ್ ಗಾಡಿಯ ಆಯಸ್ಸಿಗೆ ಒಂದೇ ಸಲ ಹಾಕುವಂಥದ್ದು, ಮುಟ್ಟಿದರೆ ಗೇರ್‌ಬಾಕ್ಸ್ ಸತ್ತೇ ಹೋಗುತ್ತದೆ. ಪಕ್ಕದ ಮನೆಯವರು ಸಿಗ್ನಲ್ಲಿನಲ್ಲೂ ಇಳಿಜಾರಿನಲ್ಲೂ ನ್ಯೂಟ್ರಲ್‌ಗೆ ಹಾಕಿ ಗೇರ್‌ಬಾಕ್ಸಿಗೆ ವಿಶ್ರಾಂತಿ ಕೊಡಿ ಎನ್ನುತ್ತಾರೆ. ಮುಂದಿನ ತಿಂಗಳು ಮತ್ತೆ ತಂದೆಯವರನ್ನು ಕರೆದೊಯ್ಯಬೇಕು. ಯಾರ ಮಾತು ಕೇಳಲಿ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಒಂದು 2.8 ಲಕ್ಷ ರೂಪಾಯಿಯದು. ಇನ್ನೊಂದನ್ನು ನೀವು ಬಾಯಿಬಿಟ್ಟು ಹೇಳಿಲ್ಲ. ಹುಷಾರಿಲ್ಲದ ತಂದೆಯನ್ನು ಕೂರಿಸಿಕೊಂಡು, ಕತ್ತಲಾಗುವ ಹೊತ್ತಿಗೆ, ಮೊಬೈಲ್ ಸಿಗ್ನಲ್ ಸಿಗದ ತಿರುವಿನಲ್ಲಿ ಗಾಡಿ ನಿಂತುಬಿಟ್ಟರೆ ಏನು ಗತಿ ಎಂಬುದು. ನನಗೆ ಈ ಎರಡನೆಯದೇ ಮುಖ್ಯವಾಗಿ ಕಾಣುತ್ತದೆ. ಆದ್ದರಿಂದ ಅದಕ್ಕೆ ಮೊದಲೇ ಉತ್ತರ ಹೇಳುತ್ತೇನೆ: ಕಾರಣ ಗೊತ್ತಾಗುವ ತನಕ ಈ ಗಾಡಿಯಲ್ಲಿ ಘಾಟಿ ಹತ್ತಬೇಡಿ. ಊರೊಳಗೆ ಶಾಲೆಗೆ ಹೋಗಿ ಬರಲು ಅಡ್ಡಿಯಿಲ್ಲ.

ಇನ್ನು ದುಡ್ಡಿನ ವಿಷಯ. ಇಪ್ಪತ್ತೆರಡು ವರ್ಷಗಳಿಂದ ಬೆಂಗಳೂರಿನಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುತ್ತಿರುವವನಾಗಿ ಹೇಳುತ್ತಿದ್ದೇನೆ, ನಿಮ್ಮ ಗಾಡಿಯನ್ನು ಇಲ್ಲಿಯ ತನಕ ಯಾರೂ ಪರೀಕ್ಷೆಯೇ ಮಾಡಿಲ್ಲ. ಓಡಿಸಿ ನೋಡುವುದು ಪರೀಕ್ಷೆಯ ಮೊದಲ ಹೆಜ್ಜೆ ಅಷ್ಟೆ. ಆಯಿಲ್ ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ, ಗಾಡಿಯ ಕಂಪ್ಯೂಟರಿನಲ್ಲಿ ದೋಷ ಸೂಚಿಸುವ ಯಾವ ಕೋಡ್ ಉಳಿದಿದೆ, ಬ್ಯಾಟರಿಯ ವೋಲ್ಟೇಜ್ ಎಷ್ಟು ಎಂಬ ನಾಲ್ಕು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಕೊಡದೆ ಗೇರ್‌ಬಾಕ್ಸ್ ಬದಲಿಸಿ ಎಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಿಮ್ಮ ಗಾಡಿಯೊಳಗೆ ಏನಿದೆ

ಕ್ಲಚ್ ಪೆಡಲ್ ಇಲ್ಲದ ಗಾಡಿಗಳನ್ನೆಲ್ಲ ಜನ ‘ಆಟೊಮ್ಯಾಟಿಕ್’ ಎಂದು ಒಂದೇ ಹೆಸರಿನಿಂದ ಕರೆಯುತ್ತಾರೆ. ಅರ್ಧ ಗೊಂದಲ ಅಲ್ಲಿಂದಲೇ ಹುಟ್ಟುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮಲ್ಲಿ ಮನೆಮಾತಾದ ಎಎಂಟಿ ಎಂದರೆ ಮಾಮೂಲಿ ಗೇರ್‌ಬಾಕ್ಸೇ. ಅದರಲ್ಲಿ ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಮನುಷ್ಯನ ಬದಲು ಯಂತ್ರ ಮಾಡುತ್ತದೆ. ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದಕ್ಕೆ ಬಾಗುವುದು ಅದರ ಸ್ವಭಾವ, ರೋಗವಲ್ಲ. ಸಿವಿಟಿಯಲ್ಲಿ ಗೇರುಗಳೇ ಇಲ್ಲ, ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ಡಿಸಿಟಿಯಲ್ಲಿ ಎರಡು ಕ್ಲಚ್. ಅದರಲ್ಲೂ ಆಯಿಲ್ ಇಲ್ಲದ ಒಣ ಕ್ಲಚ್ಚಿನದಾದರೆ ನಿಂತು ತೆವಳುವ ಟ್ರಾಫಿಕ್ಕಿನಲ್ಲಿ ಬೇಗ ಬಿಸಿಯಾಗುತ್ತದೆ. ಇವುಗಳ ಕಾಯಿಲೆ ಬೇರೆ, ಮದ್ದು ಬೇರೆ. ಎಎಂಟಿ ಇಟ್ಟುಕೊಂಡಿರುವ ನೆಂಟರ ಅನುಭವ ನಿಮ್ಮ ಗಾಡಿಗೆ ಹೊಂದುವುದಿಲ್ಲ.

ನಿಮ್ಮದು ಟಾರ್ಕ್ ಕನ್ವರ್ಟರ್. ಆಯಿಲ್ ತುಂಬಿದ ಡಬ್ಬಿಯೊಳಗೆ ಎರಡು ಫ್ಯಾನುಗಳು ಎದುರುಬದುರು ಇರುತ್ತವೆ ಎಂದುಕೊಳ್ಳಿ. ಎಂಜಿನ್ ತಿರುಗಿಸುವ ಫ್ಯಾನು ಆಯಿಲನ್ನು ಎಸೆಯುತ್ತದೆ, ಆ ರಭಸಕ್ಕೆ ಎದುರಿನದು ತಿರುಗುತ್ತದೆ. ಹೀಗೆ ತಿರುಗುವಾಗ ಸ್ವಲ್ಪ ಶಕ್ತಿ ಜಾರಿ ಹೋಗಿ ಬಿಸಿಯಾಗುತ್ತದೆ. ಅದನ್ನು ತಪ್ಪಿಸಲು ಗಾಡಿ ಒಂದು ವೇಗಕ್ಕೆ ಬಂದ ಮೇಲೆ ಒಳಗಿನ ‘ಲಾಕಪ್ ಕ್ಲಚ್’ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಇನ್ನು ಗೇರುಗಳನ್ನು ಹಿಡಿದಿಡುವ ಕ್ಲಚ್ ಪ್ಲೇಟುಗಳನ್ನು ಅದುಮುವುದೂ ಅದೇ ಆಯಿಲಿನ ಒತ್ತಡ. ಬಿಸಿಯನ್ನು ಹೊರಗೆ ಸಾಗಿಸುವುದೂ ಅದೇ ಆಯಿಲ್. ಹೀಗಾಗಿ ಇಲ್ಲಿ ಆಯಿಲ್ ಬರೀ ಸವೆತ ತಡೆಯುವ ಜಿಡ್ಡಲ್ಲ, ಗೇರು, ಪ್ಲೇಟುಗಳಷ್ಟೇ ಮುಖ್ಯವಾದ ಒಂದು ಭಾಗ. ಅದು ಅರ್ಧ ಲೀಟರ್ ಕಡಿಮೆಯಾದರೂ ಗೇರ್‌ಬಾಕ್ಸ್ ಕೆಟ್ಟುಹೋದಂತೆ ವರ್ತಿಸುತ್ತದೆ.

ಬೆಳಗಿನ ಧಡಕ್

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕನ್ವರ್ಟರಿನಿಂದಲೂ ಸಣ್ಣ ಕಾಲುವೆಗಳಿಂದಲೂ ಆಯಿಲ್ ನಿಧಾನವಾಗಿ ಕೆಳಗಿನ ಚೇಂಬರಿಗೆ ಇಳಿಯುತ್ತದೆ. ಬೆಳಿಗ್ಗೆ ಪಂಪು ಅದನ್ನೆಲ್ಲ ಮತ್ತೆ ತುಂಬಿಸಿ ಒತ್ತಡ ಕಟ್ಟಿದ ಮೇಲೆಯೇ ಗೇರ್ ಬೀಳುವುದು. ಒಳಗಿನ ರಬ್ಬರ್ ಸೀಲುಗಳು ಗಟ್ಟಿಯಾಗಿದ್ದರೆ, ಅಥವಾ ಆಯಿಲ್ ಮಟ್ಟ ಕಡಿಮೆಯಿದ್ದರೆ, ಇದಕ್ಕೆ ಹೆಚ್ಚು ಹೊತ್ತು ಬೇಕಾಗುತ್ತದೆ. ಆಯಿಲ್ ಬಿಸಿಯಾಗಿರುವಾಗ ನ್ಯೂಟ್ರಲ್‌ನಿಂದ ‘ಡಿ’ಗೆ ಸುಮಾರು 1.2 ಸೆಕೆಂಡಿನೊಳಗೆ, ‘ಆರ್’ಗೆ 1.5 ಸೆಕೆಂಡಿನೊಳಗೆ ಗೇರ್ ಬೀಳಬೇಕು ಎಂಬುದು ನಾವು ಇಟ್ಟುಕೊಂಡಿರುವ ಅಳತೆ. ನಿಮ್ಮ ಮೊಬೈಲಿನ ಸ್ಟಾಪ್‌ವಾಚಿನಲ್ಲಿ ತಣ್ಣಗಿರುವಾಗ ಮೂರು ಸಲ, ಅರ್ಧ ಗಂಟೆ ಓಡಿಸಿದ ಮೇಲೆ ಮೂರು ಸಲ ಅಳೆದು ಬರೆದಿಡಿ. ಬಿಸಿಯಾದ ಮೇಲೂ ತಡವಾದರೆ ವಿಷಯ ಗಂಭೀರ. ಬರೀ ಬೆಳಗಿನ ಮೊದಲ ಸಲ ಮಾತ್ರ ಆದರೆ ಅಷ್ಟು ಗಾಬರಿ ಬೇಡ.

ಇಲ್ಲಿ ಹೆಚ್ಚಿನವರು ಮಾಡುವ ಒಂದು ತಪ್ಪು ಗೇರ್‌ಬಾಕ್ಸಿಗೆ ನಿಜವಾದ ಪೆಟ್ಟು ಕೊಡುತ್ತದೆ. ಗಾಡಿ ಹೊರಡಲಿಲ್ಲವೆಂದು ಆಕ್ಸಿಲರೇಟರ್ ತುಳಿಯುತ್ತಾರೆ. ಎಂಜಿನ್ ವೇಗ ನಿಮಿಷಕ್ಕೆ 2,000 ಸುತ್ತುಗಳಿಗೆ ಏರಿದ ಆ ಕ್ಷಣಕ್ಕೇ ಒತ್ತಡ ಬಂದು ಕ್ಲಚ್ ಕಚ್ಚಿಕೊಳ್ಳುತ್ತದೆ. ನಿಮಗೆ ಕೇಳಿಸುವ ಧಡ್ ಅದೇ ಇರಬಹುದು. ಚಾಲು ಮಾಡಿ ಅರ್ಧ ನಿಮಿಷ ಬಿಡಿ, ಎಂಜಿನ್ ವೇಗ ಇಳಿಯಲಿ, ಬ್ರೇಕ್ ತುಳಿದೇ ‘ಡಿ’ಗೆ ಹಾಕಿ, ಗೇರ್ ಬಿದ್ದ ಸಣ್ಣ ಜಗ್ಗು ಮೈಗೆ ತಿಳಿದ ಮೇಲೆ ಕಾಲು ತೆಗೆಯಿರಿ. ಹೀಗೆ ಮಾಡಿಯೂ ಧಡ್ ಎಂದರೆ ಎಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್ ಹರಿದಿದೆಯೇ ಎಂದು ನೋಡಿಸಿ. ಗೇರ್‌ಬಾಕ್ಸ್ ಸದ್ದು ಎಂದು ನನ್ನ ಬಳಿಗೆ ಬರುವ ಗಾಡಿಗಳಲ್ಲಿ ಕೆಲವು ಮೌಂಟಿಂಗ್ ಬದಲಿಸಿಕೊಂಡು ಮನೆಗೆ ಹೋಗಿವೆ.

ನಡುಕ

ನೀವು ಕೊಟ್ಟ ವಿವರಗಳಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಇದು. 50–60ರ ವೇಗ, ಹಗುರ ಕಾಲು, ರಂಬಲ್ ಪಟ್ಟಿಯಂಥ ಕಂಪನ. ಲಾಕಪ್ ಕ್ಲಚ್ ಸರಿಯಾಗಿ ಹಿಡಿಯದೆ ಹಿಡಿದು ಬಿಟ್ಟು ಮಾಡುವಾಗ ಹೀಗೇ ಆಗುತ್ತದೆ. ಆಯಿಲಿನಲ್ಲಿ ಬೆರೆಸಿರುವ ಘರ್ಷಣೆ ನಿಯಂತ್ರಿಸುವ ಅಂಶಗಳು ಹಳತಾಗಿ ಸತ್ವ ಕಳೆದುಕೊಂಡಾಗ ಇದು ಶುರುವಾಗುತ್ತದೆ. ಈ ಹಂತದಲ್ಲಿ ಹೊಸ ಆಯಿಲಿಗೇ ಗುಣವಾಗುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ವರ್ಷಗಟ್ಟಲೆ ಹಾಗೆಯೇ ಓಡಿಸಿದರೆ ಕ್ಲಚ್ಚಿನ ಮೇಲ್ಪದರವೇ ಸವೆದು ಆ ಪುಡಿ ಗೇರ್‌ಬಾಕ್ಸಿಗೆಲ್ಲ ಹರಡುತ್ತದೆ.

ಆದರೆ ಎಂಜಿನ್ ಮಿಸ್ ಆದರೂ, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿದ್ದರೂ, ಇದೇ ನಡುಕ ಬರುತ್ತದೆ. ಸವೆದ ಸ್ಪಾರ್ಕ್ ಪ್ಲಗ್, ದುರ್ಬಲವಾದ ಇಗ್ನಿಷನ್ ಕಾಯಿಲ್, ಎರಡೂ ದೊಡ್ಡ ಗೇರಿನಲ್ಲಿ ಕಡಿಮೆ ವೇಗಕ್ಕೆ ಹೋಗುವಾಗಲೇ ತೋರಿಸಿಕೊಳ್ಳುತ್ತವೆ. ಕಸುಬಿಗೆ ಬಂದ ಆರಂಭದ ವರ್ಷಗಳಲ್ಲಿ ನಾನೇ ಒಂದು ಗಾಡಿಗೆ ನಡುಕವೆಂದು, ಗೇರ್‌ಬಾಕ್ಸಿನೊಳಗೆ ಆಯಿಲನ್ನು ಬೇಕಾದ ಕಡೆಗೆ ಹಂಚುವ ವಾಲ್ವ್ ಬಾಡಿಯನ್ನು ಬದಲಿಸಿದೆ. ನಡುಕ ಹೋಗಲಿಲ್ಲ. ಕೊನೆಗೆ ತಪ್ಪು ಸಿಕ್ಕಿದ್ದು ಮೂರನೆಯ ಸಿಲಿಂಡರಿನ ಕಾಯಿಲಿನಲ್ಲಿ, ಕೂದಲೆಳೆಯಷ್ಟು ಬಿರುಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಆ ವಾಲ್ವ್ ಬಾಡಿಯ ಹಣವನ್ನು ಗಾಡಿಯವರಿಗೆ ಹಿಂದಿರುಗಿಸಿದೆ. ಅಂದಿನಿಂದ ನಡುಕದ ದೂರು ಬಂದರೆ ಗೇರ್‌ಬಾಕ್ಸ್ ಮುಟ್ಟುವ ಮುಂಚೆ ಪ್ಲಗ್ಗು, ಕಾಯಿಲು ನೋಡದೆ ಬಿಟ್ಟಿಲ್ಲ.

ಇವೆರಡನ್ನು ಬೇರೆ ಮಾಡಿ ನೋಡುವ ಉಪಾಯ ಒಂದಿದೆ. ಪಳಗಿದ ಚಾಲಕರೊಬ್ಬರು ಓಡಿಸಲಿ, ನೀವು ಪಕ್ಕದಲ್ಲಿ ಕೂತು ಗಮನಿಸಿ. ನೇರವಾದ ಖಾಲಿ ರಸ್ತೆ, ಹಿಂದೆ ಯಾರೂ ಇಲ್ಲವೆಂದು ಕನ್ನಡಿಯಲ್ಲಿ ಖಚಿತ ಮಾಡಿಕೊಳ್ಳಬೇಕು. ನಡುಕ ಬಂದಾಗ ಆಕ್ಸಿಲರೇಟರನ್ನು ಹಾಗೆಯೇ ಹಿಡಿದು, ಇನ್ನೊಂದು ಕಾಲಿನಿಂದ ಬ್ರೇಕ್ ಪೆಡಲನ್ನು ಬ್ರೇಕ್ ದೀಪ ಹತ್ತುವಷ್ಟು ಮಾತ್ರ ಮುಟ್ಟಬೇಕು. ಬ್ರೇಕ್ ಸೂಚನೆ ಸಿಕ್ಕ ತಕ್ಷಣ ಕಂಪ್ಯೂಟರ್ ಲಾಕಪ್ ಬಿಡಿಸುತ್ತದೆ, ಎಂಜಿನ್ ವೇಗದ ಮುಳ್ಳು ಸ್ವಲ್ಪ ಮೇಲೇರುತ್ತದೆ. ಆ ಗಳಿಗೆಯಲ್ಲೇ ನಡುಕ ನಿಂತರೆ ಬೆರಳು ಲಾಕಪ್ ಕಡೆಗೆ ತೋರಿಸುತ್ತದೆ. ನಿಲ್ಲದಿದ್ದರೆ ಮೊದಲು ಎಂಜಿನ್ನಿನ ಕಡೆ ಹುಡುಕಿಸಿ. ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಚ್ಚಿ ಇದನ್ನೇ ಅಂಕಿಯಲ್ಲಿ ನೋಡಬಹುದು. ಪೂರ್ತಿ ಲಾಕ್ ಆಗಿರುವಾಗ ಎಂಜಿನ್ ವೇಗಕ್ಕೂ ಗೇರ್‌ಬಾಕ್ಸಿನೊಳಗೆ ಹೋಗುವ ವೇಗಕ್ಕೂ ಹೆಚ್ಚುಕಡಿಮೆ ವ್ಯತ್ಯಾಸವೇ ಇರಬಾರದು. ಆ ವ್ಯತ್ಯಾಸ ಏರಿಳಿಯುತ್ತಿದ್ದರೆ ಕ್ಲಚ್ ಜಾರುತ್ತಿದೆ ಎಂದೇ ಅರ್ಥ.

ಘಾಟಿಯಲ್ಲಿ ಆದದ್ದು

ಒಂದೇ ಗೇರಿನಲ್ಲಿ ಸಿಕ್ಕಿಕೊಂಡದ್ದನ್ನು ‘ಲಿಂಪ್ ಮೋಡ್’ ಎನ್ನುತ್ತಾರೆ. ಗೇರ್ ಜಾರುತ್ತಿದೆ, ಆಯಿಲ್ ಮಿತಿಮೀರಿ ಕಾದಿದೆ, ಯಾವುದೋ ಸೆನ್ಸರಿನ ಲೆಕ್ಕ ತಾಳೆಯಾಗುತ್ತಿಲ್ಲ ಎಂದು ಕಂಪ್ಯೂಟರಿಗೆ ಅನ್ನಿಸಿದರೆ ಅದು ಆಯಿಲಿನ ದಾರಿ ತೆರೆದು ಮುಚ್ಚುವ ಸೊಲೆನಾಯ್ಡು ಎಂಬ ವಿದ್ಯುತ್ ವಾಲ್ವುಗಳಿಗೆ ಕರೆಂಟ್ ನಿಲ್ಲಿಸಿ, ಗಾಡಿ ಹೇಗೋ ಮನೆ ಸೇರಲಿ ಎಂದು ಒಂದೇ ಗೇರ್ ಉಳಿಸುತ್ತದೆ. ಇದು ಗೇರ್‌ಬಾಕ್ಸನ್ನು ಉಳಿಸುವ ಏರ್ಪಾಡು. ಇದನ್ನು ಕಂಡು ಗೇರ್‌ಬಾಕ್ಸ್ ಮುಗಿಯಿತು ಎನ್ನಬಾರದು.

ನೀವು ಎಂಜಿನ್ ಆರಿಸಿ ಕಾದಿರಿ. ಆ ಇಪ್ಪತ್ತು ನಿಮಿಷದಲ್ಲಿ ಆಯಿಲ್ ತಣ್ಣಗಾಯಿತು, ಕಂಪ್ಯೂಟರೂ ಹೊಸದಾಗಿ ಶುರುವಾಯಿತು. ಎರಡರಲ್ಲಿ ಯಾವುದರಿಂದ ಸರಿಹೋಯಿತೆಂಬುದು ಕೋಡ್ ಓದದೆ ತಿಳಿಯುವುದಿಲ್ಲ. ಕೋಡ್ ಇನ್ನೂ ನೆನಪಿನಲ್ಲಿ ಉಳಿದಿರುವ ಸಾಧ್ಯತೆಯಿದೆ. ಯಾರಾದರೂ ‘ಒಮ್ಮೆ ಬ್ಯಾಟರಿ ವೈರ್ ತೆಗೆದು ಹಾಕೋಣ’ ಎಂದರೆ ಒಪ್ಪಬೇಡಿ. ಸಾಕ್ಷಿ ಅಳಿಸಿಹೋಗುತ್ತದೆ. ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳು ಅನೇಕ ಗಾಡಿಗಳಲ್ಲಿ ಎಂಜಿನ್ ಕಂಪ್ಯೂಟರನ್ನು ಮಾತ್ರ ಓದುತ್ತವೆ. ಅಲ್ಲಿ ಪಿ0700 ಎಂದು ಬಂದರೆ ಅದು ಕರೆಗಂಟೆ ಇದ್ದಂತೆ, ಒಳಗೆ ಹೋಗಿ ಕೇಳಿ ಎನ್ನುತ್ತದೆ, ಅಷ್ಟೆ. ಗೇರ್‌ಬಾಕ್ಸಿನ ಕಂಪ್ಯೂಟರನ್ನು ಓದುವ ಸ್ಕ್ಯಾನರಿನಲ್ಲಿ ಪಿ0741 ಬಂದರೆ ಲಾಕಪ್ ಹಿಡಿಯುತ್ತಿಲ್ಲ ಎಂದು. ಪಿ0730ರಿಂದ ಮುಂದಿನವು ಗೇರಿನ ಅನುಪಾತ ತಪ್ಪಿದ್ದಕ್ಕೆ, ಅಂದರೆ ಯಾವುದೋ ಪ್ಲೇಟ್ ಜಾರುತ್ತಿರುವುದಕ್ಕೆ. ಪಿ0715, ಪಿ0720 ವೇಗ ಅಳೆಯುವ ಸೆನ್ಸರುಗಳವು. ಪಿ0711 ಆಯಿಲ್ ಬಿಸಿ ಅಳೆಯುವ ಸೆನ್ಸರಿನದು. ಸೆನ್ಸರಿನ ತಪ್ಪಿಗೆ ಇಡೀ ಗೇರ್‌ಬಾಕ್ಸ್ ಬದಲಿಸಿದವರನ್ನು ನಾನು ಕಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಕೋಡ್ ಅಳಿಸುವ ಮುಂಚೆ ಪರದೆಯ ಫೋಟೊ ತೆಗೆದುಕೊಳ್ಳಿ.

ಬ್ಯಾಟರಿಯ ಮಾತು ಯಾಕೆ ಎತ್ತಿದೆನೆಂದರೆ, ತುಮಕೂರಿನ ಕಡೆಯಿಂದ ಒಮ್ಮೆ ಒಂದು ಗಾಡಿ ಬಂತು. ಗೇರ್‌ಬಾಕ್ಸ್ ಬದಲಿಸಬೇಕೆಂದು ಬೇರೆ ಕಡೆ ಬರೆದುಕೊಟ್ಟ ಎಸ್ಟಿಮೇಟ್ ಮಾಲೀಕರ ಕೈಯಲ್ಲೇ ಇತ್ತು. ಮಳೆ ಬಂದ ದಿನ ಮಾತ್ರ ಲಿಂಪ್ ಮೋಡ್. ಬ್ಯಾಟರಿ ತಟ್ಟೆ ಎತ್ತಿ ನೋಡಿದರೆ ಗಾಡಿಯ ಲೋಹದ ಮೈಗೆ ಬಿಗಿದ ಅರ್ತ್ ವೈರಿನ ತುದಿ ಪಾಚಿ ಕಟ್ಟಿದಂತೆ ಹಸಿರು ಪುಡಿಯಲ್ಲಿ ಮುಳುಗಿತ್ತು. ಮೀಟರ್ ಹಿಡಿದು ಸ್ಟಾರ್ಟ್ ಮಾಡಿದಾಗ ಆ ವೈರಿನ ಎರಡು ತುದಿಗಳ ನಡುವೆಯೇ 0.9 ವೋಲ್ಟ್ ಸೋರಿಹೋಗುತ್ತಿತ್ತು, 0.2ರ ಮೇಲೆ ಇರಲೇಬಾರದು. ಉಪ್ಪುಕಾಗದ ಹಾಕಿ ಉಜ್ಜಿ, ಹೊಸ ಬೋಲ್ಟ್ ಬಿಗಿದೆವು. ಆ ಗಾಡಿ ಇನ್ನೂ ಅದೇ ಗೇರ್‌ಬಾಕ್ಸಿನಲ್ಲಿ ಓಡುತ್ತಿದೆ. ನಿಮ್ಮ ಬ್ಯಾಟರಿ ರಾತ್ರಿ ನಿಂತ ಮೇಲೆ 12.6 ವೋಲ್ಟಿನ ಆಸುಪಾಸಿನಲ್ಲಿರಬೇಕು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಹತ್ತಿರದ ಬ್ಯಾಟರಿ ಅಂಗಡಿಯಲ್ಲಿ ಐದು ನಿಮಿಷದ ಕೆಲಸ.

ಕೇಳಿದ ಮಾತುಗಳಲ್ಲಿ ನಿಜವೆಷ್ಟು

ಆಯಿಲ್ ಗಾಡಿಯ ಆಯಸ್ಸಿಗೆ ಒಂದೇ ಸಲ ಎಂದು ನಿಮ್ಮ ಭಾವನವರು ಹೇಳಿದ್ದು ಅವರ ಕಲ್ಪನೆಯಲ್ಲ. ಕೆಲವು ಕಾರು ಕಂಪನಿಗಳ ಸರ್ವೀಸ್ ಪಟ್ಟಿಯಲ್ಲೇ ಹಾಗಿರುತ್ತದೆ. ಆದರೆ ಎಷ್ಟೋ ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜೆಡ್ಎಫ್ ತನ್ನ ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳ ಆಯಿಲನ್ನು 80,000ದಿಂದ 1,20,000 ಕಿ.ಮೀ. ನಡುವೆ, ಇಲ್ಲವೇ ಎಂಟು ವರ್ಷಕ್ಕೆ ಬದಲಿಸಿ ಎಂದು ಶಿಫಾರಸು ಮಾಡುತ್ತದೆ. ಕಟ್ಟಿದವರೇ ಹೀಗೆನ್ನುವಾಗ ನಾನು ಅವರ ಮಾತನ್ನು ನಂಬುತ್ತೇನೆ.

ಅದರ ಮೇಲೆ ನಿಮ್ಮ ಗಾಡಿ ಬೆಂಗಳೂರಿನಲ್ಲಿ ದುಡಿದು ಬಂದದ್ದು. ಕಿಲೋಮೀಟರ್ ಲೆಕ್ಕ ಇಲ್ಲಿ ಮೋಸ ಮಾಡುತ್ತದೆ. 50,000 ಕಿ.ಮೀ.ಯನ್ನು ಗಂಟೆಗೆ ಸರಾಸರಿ 20ರಂತೆ ಸಿಲ್ಕ್ ಬೋರ್ಡ್, ಹೆಬ್ಬಾಳದ ನಡುವೆ ಓಡಿಸಿದರೆ ಗೇರ್‌ಬಾಕ್ಸ್ 2,500 ಗಂಟೆ ದುಡಿದಂತೆ. ಅದೇ ದೂರ ಹೆದ್ದಾರಿಯಲ್ಲಿ ಸರಾಸರಿ 50ರಂತೆ ಹೋದರೆ 1,000 ಗಂಟೆ. ಮೀಟರಿನಲ್ಲಿ ಎರಡೂ ಒಂದೇ. ಆಯಿಲ್ ಮಾಮೂಲಿಗಿಂತ ಹತ್ತು ಡಿಗ್ರಿ ಹೆಚ್ಚು ಬಿಸಿಯಲ್ಲಿ ದುಡಿದರೆ ಅದರ ಬಾಳಿಕೆ ಅರ್ಧಕ್ಕೆ ಇಳಿಯುತ್ತದೆಂಬುದು ನಮ್ಮ ಕಸುಬಿನಲ್ಲಿ ಹಿಡಿಯುವ ಅಂದಾಜು. 2017ರ ಆಯಿಲೇ ಇನ್ನೂ ಒಳಗಿದ್ದರೆ ಅದು ಆಯಸ್ಸು ಮುಗಿಸಿ ಬಹಳ ಕಾಲವಾಗಿದೆ.

ಬದಲಿಸಿದರೆ ಗೇರ್‌ಬಾಕ್ಸ್ ಸಾಯುತ್ತದೆ ಎಂಬ ಹೆದರಿಕೆ ಹುಟ್ಟಿದ ಬಗೆ ಹೀಗೆ: ಜನ ಆಯಿಲ್ ನೆನಪು ಮಾಡಿಕೊಳ್ಳುವುದೇ ಗೇರ್ ಜಾರತೊಡಗಿದ ಮೇಲೆ. ಆಗ ಪ್ಲೇಟುಗಳು ಸವೆದು ಮುಗಿದಿರುತ್ತವೆ. ಬದಲಿಸಿದ ವಾರಕ್ಕೆ ಗಾಡಿ ನಿಂತರೆ ಹೊಸ ಆಯಿಲಿನ ತಲೆಗೆ ಕಟ್ಟುತ್ತಾರೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬಂತೆ. ಇನ್ನೆರಡು ಕಾರಣಗಳು ಮಾತ್ರ ನಿಜವಾದವು, ಎರಡೂ ಕೆಲಸ ಮಾಡಿದವರ ತಪ್ಪು. ಒಂದು, ಬೇರೆ ದರ್ಜೆಯ ಆಯಿಲ್ ಹಾಕುವುದು. ಎಸ್‌ಪಿ4, ಡೆಕ್ಸ್‌ರಾನ್ 6, ಡಬ್ಲ್ಯುಎಸ್ ಎಂದು ನಿಮ್ಮ ಗಾಡಿಯ ಪುಸ್ತಕದಲ್ಲಿ ಏನಿದೆಯೋ ಅದೇ ಬೇಕು, ‘ಎಲ್ಲಕ್ಕೂ ಆಗುತ್ತದೆ’ ಎಂಬುದು ಬೇಡ. ಇನ್ನೊಂದು, ಮಟ್ಟ ತಪ್ಪುವುದು. ಈ ಕಾಲದ ಅನೇಕ ಗೇರ್‌ಬಾಕ್ಸುಗಳಿಗೆ ಅಳತೆ ಕಡ್ಡಿ ಇಲ್ಲ. ಗಾಡಿಯನ್ನು ಸಮತಟ್ಟಾಗಿ ಎತ್ತಿ, ಎಂಜಿನ್ ಓಡುತ್ತಿರುವಾಗಲೇ, ಆಯಿಲ್ ಕಂಪನಿ ಹೇಳಿದ ಬಿಸಿಯಲ್ಲಿರುವಾಗ ಚೆಕ್ ಬೋಲ್ಟ್ ಬಿಚ್ಚಿ, ಅಲ್ಲಿಂದ ಹನಿಹನಿಯಾಗಿ ಬೀಳುವ ಹಂತಕ್ಕೆ ಮಟ್ಟ ನಿಲ್ಲಿಸಬೇಕು. ಆ ಬಿಸಿ ಹಲವು ಗಾಡಿಗಳಲ್ಲಿ 35ರಿಂದ 45 ಡಿಗ್ರಿ. ಬಿಸಿ ನೋಡದೆ ಅಂದಾಜಿಗೆ ಸುರಿದರೆ ಮುಗಿಯಿತು. ‘ನೀವು ಮಟ್ಟವನ್ನು ಎಷ್ಟು ಡಿಗ್ರಿಯಲ್ಲಿ ನೋಡುತ್ತೀರಿ?’ ಎಂದು ಕೇಳಿ. ಉತ್ತರ ಗೊತ್ತಿಲ್ಲದ ಕಡೆ ಗಾಡಿ ಬಿಡಬೇಡಿ.

ಮೆಷಿನ್ನಿನಿಂದ ತೊಳೆಯುವುದನ್ನು ನಿಮ್ಮಂಥ ಹಳೆಯ ಗಾಡಿಗೆ ನಾನು ಮಾಡುವುದಿಲ್ಲ. ಒತ್ತಡದಲ್ಲಿ ನುಗ್ಗಿದ ಆಯಿಲ್ ಎಲ್ಲೋ ತಳದಲ್ಲಿ ಕೂತ ಪುಡಿಯನ್ನು ಎಬ್ಬಿಸಿ ವಾಲ್ವ್ ಬಾಡಿಯ ಕೂದಲೆಳೆಯ ರಂಧ್ರಗಳಿಗೆ ತಂದು ಸಿಕ್ಕಿಸಬಹುದು. ಅದರ ಬದಲು ಇಳಿಸಿ ತುಂಬಿಸುವುದು ಒಳ್ಳೆಯದು. ಒಳಗೆ ಸುಮಾರು ಏಳು ಲೀಟರ್ ಇದ್ದರೆ ಬೋಲ್ಟ್ ಬಿಚ್ಚಿದಾಗ ಇಳಿಯುವುದು ಅರ್ಧದಷ್ಟು, ಉಳಿದದ್ದು ಕನ್ವರ್ಟರಿನಲ್ಲೇ ಇರುತ್ತದೆ. ಒಂದು ಸಲಕ್ಕೆ ಅರ್ಧ, ಇನ್ನೂರು ಮುನ್ನೂರು ಕಿ.ಮೀ. ಓಡಿಸಿ ಎರಡನೆಯ ಸಲ ಮಾಡಿದರೆ ಮುಕ್ಕಾಲು, ಮೂರನೆಯ ಸಲಕ್ಕೆ ಎಂಟರಲ್ಲಿ ಏಳು ಪಾಲು ಹೊಸದಾಗುತ್ತದೆ. ಆಯಿಲ್ ಖರ್ಚು ಹೆಚ್ಚು, ಅಪಾಯ ಕಡಿಮೆ.

ನ್ಯೂಟ್ರಲ್ ವಿಚಾರದಲ್ಲಿ ನಿಮ್ಮ ಪಕ್ಕದ ಮನೆಯವರ ಸಲಹೆಯನ್ನು ದಯವಿಟ್ಟು ಬಿಟ್ಟುಬಿಡಿ. ಸಿಗ್ನಲ್ಲಿನಲ್ಲಿ ‘ಡಿ’ಯಲ್ಲೇ ಬ್ರೇಕ್ ತುಳಿದು ನಿಲ್ಲಿ, ಪ್ರತಿ ಸಲ ಹಾಕಿ ತೆಗೆದರೆ ಕ್ಲಚ್ಚಿಗೆ ಅಷ್ಟೇ ಸಲ ಹೆಚ್ಚಿನ ಕೆಲಸ. ರೈಲ್ವೆ ಗೇಟಿನಂಥ ದೀರ್ಘ ನಿಲುಗಡೆಗೆ ‘ಪಿ’ ಸರಿ. ಇಳಿಜಾರಿನ ನ್ಯೂಟ್ರಲ್ ಅಂತೂ ಜೀವಕ್ಕೆ ಅಪಾಯ. ಎಂಜಿನ್ನಿನ ಹಿಡಿತ ತಪ್ಪಿ ಬ್ರೇಕಿನ ಮೇಲೆಯೇ ಎಲ್ಲ ಭಾರ ಬೀಳುತ್ತದೆ, ಕಾದ ಬ್ರೇಕ್ ಘಾಟಿಯ ಕೊನೆಯ ತಿರುವಿನಲ್ಲಿ ಕೈಕೊಡುತ್ತದೆ. ಪೆಟ್ರೋಲೂ ಉಳಿಯುವುದಿಲ್ಲ, ಗೇರಿನಲ್ಲಿ ಇಳಿಯುವಾಗ ಎಂಜಿನ್ ಪೆಟ್ರೋಲನ್ನೇ ನಿಲ್ಲಿಸಿಕೊಳ್ಳುತ್ತದೆ.

ಆಯಿಲ್ ಇಳಿಸುವ ದಿನ ನೀವು ಅಲ್ಲಿರಬೇಕು

ಇದೊಂದನ್ನು ಬೇರೆಯವರಿಗೆ ವಹಿಸಬೇಡಿ. ಅದಕ್ಕೆ ಮುಂಚೆ ಎರಡು ರಾತ್ರಿ ಗಾಡಿಯ ಮುಂಭಾಗದ ಕೆಳಗೆ ಅಗಲವಾದ ರಟ್ಟು ಹಾಸಿ. ಎಸಿಯ ನೀರಾದರೆ ಬಣ್ಣವಿರುವುದಿಲ್ಲ, ಎಂಜಿನ್ ಆಯಿಲ್ ಕಂದು ಅಥವಾ ಕಪ್ಪು. ಕೆಂಪು ಛಾಯೆಯ ಜಿಡ್ಡು ಹನಿ ಗೇರ್‌ಬಾಕ್ಸಿನದು. ಸೋರಿಕೆ ಇದ್ದರೆ ಬಹುಪಾಲು ಆಕ್ಸಲ್ ಸೀಲಿನಿಂದಲೋ ಆಯಿಲ್ ತಣಿಸುವ ಕೂಲರಿನ ಪೈಪಿನ ಜೋಡಣೆಯಿಂದಲೋ ಇರುತ್ತದೆ. ಮಟ್ಟ ಕಡಿಮೆಯಿದ್ದರೆ ಏರಿನಲ್ಲಿ ಗಾಡಿ ವಾಲಿದಾಗ ಪಂಪು ಆಯಿಲಿನ ಬದಲು ಗಾಳಿ ಹೀರುತ್ತದೆ. ಬೆಳಗಿನ ತಡ, ಶಿರಾಡಿಯ ಲಿಂಪ್ ಮೋಡ್ ಎರಡಕ್ಕೂ ಇದೊಂದೇ ಕಾರಣ ಸಾಕು.

ಇಳಿದ ಆಯಿಲನ್ನು ಅಳತೆಯ ಜಾರಿಗೆ ಹಿಡಿಯಲು ಹೇಳಿ. ಒಂದು ಹನಿಯನ್ನು ಬಿಳಿ ಟಿಶ್ಯೂ ಕಾಗದದ ಮೇಲೆ ಬಿಟ್ಟು ಬಿಸಿಲಿಗೆ ಹಿಡಿಯಿರಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಹಳತಾಗಿದೆ, ಅಷ್ಟೇ, ಗಾಬರಿ ಬೇಡ. ಹನಿ ಹರಡದೆ ನಡುವೆ ಕಪ್ಪು ಮಸಿ ಕೂತು, ಒಗ್ಗರಣೆ ಸೀದ ವಾಸನೆ ಮೂಗಿಗೆ ಹೊಡೆದರೆ ಪ್ಲೇಟುಗಳು ಸುಟ್ಟಿವೆ. ರೋಸ್ ಮಿಲ್ಕ್ ಬಣ್ಣವಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರಿದೆ. ಆಗ ಗಾಡಿಯನ್ನು ಒಂದು ಕಿಲೋಮೀಟರೂ ಓಡಿಸಬೇಡಿ, ಪ್ಲೇಟಿನ ಮೇಲ್ಪದರವನ್ನು ಅಂಟಿಸಿರುವ ಅಂಟು ನೀರಿಗೆ ಬಿಡುತ್ತದೆ.

ಆಯಿಲ್ ನಿಲ್ಲುವ ಕೆಳಗಿನ ಚೇಂಬರ್ ತಟ್ಟೆಯಂತೆ ಬಿಚ್ಚಬಹುದಾದದ್ದಾಗಿದ್ದರೆ ಅದರ ತಳದಲ್ಲಿ ಎರಡೋ ನಾಲ್ಕೋ ಅಯಸ್ಕಾಂತದ ಬಿಲ್ಲೆಗಳಿರುತ್ತವೆ. ಅವುಗಳ ಮೇಲೆ ಬೂದು ಬಣ್ಣದ ಮೆತ್ತನೆಯ ಪೇಸ್ಟ್ ಕೂತಿರುತ್ತದೆ. ಬೆರಳಲ್ಲಿ ಉಜ್ಜಿ ನೋಡಿ. ಕಾಡಿಗೆಯಂತೆ ನುಣ್ಣಗಿದ್ದರೆ ಅದು ವರ್ಷಗಳ ಸಹಜ ಸವೆತ. ಉಪ್ಪಿನ ಹರಳಿನಂತೆ ಬೆರಳಿಗೆ ಒತ್ತಿದರೆ, ಚೂಪಾದ ಚೂರು ಸಿಕ್ಕರೆ, ಅಯಸ್ಕಾಂತಕ್ಕೆ ಅಂಟದ ಹಳದಿ ಮಿಣುಕು ತಟ್ಟೆಯಲ್ಲಿ ಕಂಡರೆ, ಒಳಗೆ ಬೇರಿಂಗ್ ಇಲ್ಲವೇ ಬುಷ್ ತಿಂದುಹೋಗುತ್ತಿದೆ. ಎಷ್ಟೋ ಸಲ ಈ ಒಂದು ತಟ್ಟೆ ನೋಡಿಯೇ ನಾನು ಮುಂದಿನ ದಾರಿ ಹೇಳಿದ್ದೇನೆ. ಫೋಟೊ ತೆಗೆದಿಟ್ಟುಕೊಳ್ಳಿ. ಜೊತೆಗೆ ರೇಡಿಯೇಟರಿನ ಮುಖದಲ್ಲಿ ಧೂಳು, ಹುಳಹುಪ್ಪಟೆ ಕಟ್ಟಿಕೊಂಡಿದೆಯೇ, ಫ್ಯಾನು ಪೂರ್ತಿ ವೇಗಕ್ಕೆ ತಿರುಗುತ್ತದೆಯೇ ಎಂದೂ ನೋಡಿಸಿ. ಘಾಟಿಯ ಬಿಸಿಗೆ ಅದೂ ಕಾರಣವಾಗಬಲ್ಲದು.

ಆಮೇಲಿನ ದಾರಿಗಳು

ಆಯಿಲ್ ಹಳತಾಗಿದೆ, ಚೂರು ಇಲ್ಲ, ಜಾರುವಿಕೆಯ ಕೋಡ್ ಇಲ್ಲ ಎಂದಾದರೆ ಮೂರು ಸಲ ಇಳಿಸಿ ತುಂಬಿಸಿ, ಕಂಪ್ಯೂಟರ್ ಕಲಿತಿಟ್ಟುಕೊಂಡ ಹಳೆಯ ಲೆಕ್ಕವನ್ನು ಅಳಿಸಿ ಹೊಸದಾಗಿ ಕಲಿಯಲು ಬಿಡುವುದು ಮೊದಲ ದಾರಿ. ನಿಮ್ಮ ವಿವರ ಓದಿದಾಗ ನನ್ನ ಮನಸ್ಸು ವಾಲುವುದು ಇದರ ಕಡೆಗೇ. ಕೆಲಸ ಮಾಡೀತೆಂಬ ಖಾತರಿ ಮಾತ್ರ ಇಲ್ಲ. ಒಬ್ಬರು ವರ್ಷಗಟ್ಟಲೆ ನಡುಕದಲ್ಲೇ ಓಡಿಸಿ ನನ್ನ ಬಳಿ ಬಂದರು. ತಟ್ಟೆಯಲ್ಲಿ ಹಳದಿ ಮಿಣುಕಿತ್ತು. ಇದು ಉಳಿಯುವುದು ಕಷ್ಟ ಎಂದು ಹೇಳಿಯೇ ಆಯಿಲ್ ಬದಲಿಸಿದೆ, ಅವರು ಒಮ್ಮೆ ಪ್ರಯತ್ನಿಸೋಣ ಎಂದು ಕೇಳಿಕೊಂಡಿದ್ದರು. ತಿಂಗಳೊಳಗೆ ಗೇರ್‌ಬಾಕ್ಸ್ ಬಿಚ್ಚಬೇಕಾಯಿತು. ನಡುಕ ನಿಲ್ಲಿಸುತ್ತೇವೆಂದು ಮಾರುವ ಸಣ್ಣ ಬಾಟಲಿಗಳು ಕೆಲವು ವಾರ ಮರೆಮಾಚುತ್ತವೆ, ಅದಕ್ಕಿಂತ ಹೆಚ್ಚಿಲ್ಲ.

ಕೋಡ್ ಸೊಲೆನಾಯ್ಡಿನ ಕಡೆ ತೋರಿಸಿದರೆ ಅದನ್ನೋ ಇಡೀ ವಾಲ್ವ್ ಬಾಡಿಯನ್ನೋ ಬದಲಿಸುವುದು ಎರಡನೆಯದು. ಅನೇಕ ಗಾಡಿಗಳಲ್ಲಿ ಗೇರ್‌ಬಾಕ್ಸ್ ಇಳಿಸದೆಯೇ ಆಗುತ್ತದೆ. ಲಾಕಪ್ ಮಾತ್ರ ಹೋಗಿದ್ದರೆ ಕನ್ವರ್ಟರನ್ನು ಕತ್ತರಿಸಿ, ಕ್ಲಚ್ ಬದಲಿಸಿ, ಬೆಸೆದು, ತೂಕ ಸರಿದೂಗಿಸುತ್ತಾರೆ. ಈ ಕೆಲಸ ಎಲ್ಲ ಊರಿನಲ್ಲೂ ಆಗುವುದಿಲ್ಲ, ಮಾಡಿ ಅನುಭವವಿರುವವರನ್ನೇ ಹುಡುಕಬೇಕು. ಪ್ಲೇಟುಗಳೇ ಸುಟ್ಟಿದ್ದರೆ ಪೂರ್ತಿ ಬಿಚ್ಚಿ ಕಟ್ಟುವ ಓವರ್‌ಹಾಲ್. ಹಳೆಯ ಭಾಗಗಳನ್ನು ನಿಮಗೆ ತೋರಿಸಬೇಕು, ಗ್ಯಾರಂಟಿ ಬರೆದುಕೊಡಬೇಕು ಎಂದು ಮೊದಲೇ ಮಾತಾಡಿಕೊಳ್ಳಿ.

ಗುಜರಿಯಿಂದ ಗೇರ್‌ಬಾಕ್ಸ್ ತಂದು ಕೂರಿಸೋಣ ಎಂದೂ ಯಾರಾದರೂ ಹೇಳುತ್ತಾರೆ. ಅಗ್ಗಕ್ಕೆ ಸಿಗುವುದು ನಿಜ. ಅಪಘಾತದ ಗಾಡಿಯದಾದರೆ ಚೆನ್ನಾಗಿಯೂ ಇರಬಹುದು, ಮಳೆನೀರಿನಲ್ಲಿ ಮುಳುಗಿದ ಗಾಡಿಯದಾದರೆ ಮೇಲುನೋಟಕ್ಕೆ ಹೊಳೆಯುತ್ತಿದ್ದರೂ ಒಳಗೆ ಅಂಟು ಬಿಟ್ಟಿರುತ್ತದೆ. ಅದರ ಆಯಿಲ್ ನೋಡದೆ ಕೊಳ್ಳಬೇಡಿ. ಹೊಸ ಗೇರ್‌ಬಾಕ್ಸ್ ಕೊನೆಯ ದಾರಿ. ಈ ವಯಸ್ಸಿನ ಗಾಡಿಗೆ 2.8 ಲಕ್ಷ ಎಂದರೆ ಮೂಗಿಗಿಂತ ಮೂಗುತಿ ಭಾರ ಆಗುತ್ತದೆಯೇ ಎಂದು, ಗಾಡಿ ಈಗ ಮಾರಿದರೆ ಎಷ್ಟಕ್ಕೆ ಹೋಗುತ್ತದೆಂದು ವಿಚಾರಿಸಿ ತೂಗಿ ನೋಡಿ. ಓವರ್‌ಹಾಲ್ ಇರಲಿ, ಗುಜರಿಯದಿರಲಿ, ಹೊಸದಿರಲಿ, ಕೂಲರನ್ನೂ ಅದರ ಪೈಪುಗಳನ್ನೂ ತೊಳೆಯದೆ ಕೂರಿಸಿದರೆ ಹಳೆಯ ಗೇರ್‌ಬಾಕ್ಸಿನ ಚೂರುಗಳು ನೇರವಾಗಿ ಹೊಸದರ ಹೊಟ್ಟೆಗೆ ಹೋಗುತ್ತವೆ. ಎಸ್ಟಿಮೇಟಿನಲ್ಲಿ ಆ ಸಾಲು ಇದೆಯೇ ನೋಡಿ.

ಮುಂದಿನ ತಿಂಗಳ ಮಂಗಳೂರಿಗೆ ಬಾಡಿಗೆ ಕಾರು ಮಾಡಿ, ಅಥವಾ ತಂದೆಯವರಿಗೆ ಕೂರಲು ಆಗುವುದಾದರೆ ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ಮೂಲಕ ಹೋಗುವ ರೈಲಿದೆ. ಗಾಡಿ ಸರಿಯಾದ ಮೇಲೆ ಘಾಟಿ ಹತ್ತುವಾಗ ಮ್ಯಾನುಯಲ್ ಮೋಡಿಗೆ ಹಾಕಿ ಎರಡನೆಯ, ಮೂರನೆಯ ಗೇರಿನಲ್ಲಿ ಹಿಡಿದಿಡಿ, ಇಳಿಯುವಾಗಲೂ ಅದೇ. ಮತ್ತೆ ಆ ದೀಪ ಹತ್ತಿದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ ‘ಪಿ’ಗೆ ಹಾಕಿ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಸರಿಯಿದ್ದರೆ ಎಂಜಿನ್ ಆರಿಸಬೇಡಿ, ಅದು ಓಡುತ್ತಿದ್ದರೆ ಮಾತ್ರ ಪಂಪು ತಿರುಗಿ ಆಯಿಲ್ ಕೂಲರಿಗೆ ಹೋಗಿ ತಣಿಯುತ್ತದೆ. ಗಾಡಿ ಮುಂದೆ ಹೋಗದಿದ್ದರೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಆರಿರುವಾಗ ಚಕ್ರ ತಿರುಗಿದರೆ ಒಳಗಿನ ಗೇರುಗಳು ಆಯಿಲ್ ಇಲ್ಲದೆ ತಿರುಗುತ್ತವೆ. ಗಾಡಿಯನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಲಾರಿಗೇ ಹೇಳಿ, ಎಷ್ಟು ಹೊತ್ತಾದರೂ ಕಾಯಿರಿ.

ತಣ್ಣಗಿರುವಾಗ ಮತ್ತು ಬಿಸಿಯಾದಾಗ ಗೇರ್ ಬಿದ್ದ ಸೆಕೆಂಡುಗಳು, ಬ್ಯಾಟರಿಯ ವೋಲ್ಟೇಜ್, ಕೋಡ್‌ಗಳ ಫೋಟೊ, ಇಳಿದ ಆಯಿಲ್ ಎಷ್ಟು ಲೀಟರ್ ಎಂಬ ಅಂಕಿ, ತಟ್ಟೆಯ ಚಿತ್ರ, ಇಷ್ಟನ್ನು ನನಗೆ ಕಳುಹಿಸಿ. ಈ ದಾರಿಗಳಲ್ಲಿ ನಿಮ್ಮದು ಯಾವುದೆಂದು ಆಗ ಖಚಿತವಾಗಿ ಬರೆಯುತ್ತೇನೆ.